ಬಲಗೈ ಎತ್ತಿ

ಲೋಲಾ ಒಣಮೀನು ಹುರಿಯುವ ಕೆಲಸವನ್ನು ಅಡುಗೆಮನೆಯಿಂದ ಗ್ಯಾರೇಜಿಗೆ ಸಾಗಿಸಿದ್ದು ಬೀಗಿತ್ತಿ ಜಯಮ್ಮ ಬಂದ ಮೂರನೆಯ ದಿನ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಜಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡದ್ದನ್ನು ಕಂಡಳು, ನಕ್ಕಳು, ಮರುದಿನದಿಂದ ಸಣ್ಣದೊಂದು ಕರೆಂಟ್ ಒಲೆಯನ್ನು ವಾಷಿಂಗ್ ಮಷೀನಿನ ಪಕ್ಕ ಇಟ್ಟುಕೊಂಡು ಅಲ್ಲೇ ಹುರಿದು, ಅಲ್ಲೇ ನಿಂತು ತಿಂದು, ಕೈ ತೊಳೆದು ಒಳಗೆ ಬರತೊಡಗಿದಳು.

ಮನೆ ಸ್ಯಾನ್ ಪೀಡ್ರೊದಲ್ಲಿ, ಬಂದರಿನ ಕ್ರೇನುಗಳು ಕಾಣುವ ದಿಬ್ಬದ ಮೇಲೆ. ಯಜಮಾನ ಜಯದೇವ ಹರಿಹರದವನು. ಹತ್ತು ವರ್ಷ ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು, ಈಗ ಬಂದರಿನ ಒಂದು ಏಜೆನ್ಸಿಯಲ್ಲಿ ಕೆಲಸಕ್ಕಿದ್ದ. ಹೆಂಡತಿ ಮಾರಿಟೆಸ್ ಫಿಲಿಪೀನ್ಸಿನ ಇಲೋಇಲೋ ಎಂಬ ಊರಿನವಳು, ಆಸ್ಪತ್ರೆಯಲ್ಲಿ ನರ್ಸು. ಒಬ್ಬಳೇ ಮಗಳು ಸಂಹಿತಾ, ಹದಿನೈದು ವರ್ಷ. ಮಾರಿಟೆಸ್‌ಳ ತಾಯಿಗೆ ಕನ್ಸೊಲಾಸ್ಯೋನ್ ಎಂಬ ಉದ್ದನೆಯ ಹೆಸರಿತ್ತು. ಆದರೆ ಅವರ ಭಾಷೆಯಲ್ಲಿ ಅಜ್ಜಿಗೆ ಲೋಲಾ ಎನ್ನುತ್ತಾರೆ, ಮನೆಯಲ್ಲಿ ಎಲ್ಲರಿಗೂ ಅವಳು ಲೋಲಾ. ಗ್ರೀನ್ ಕಾರ್ಡಿನ ಮೇಲೆ ಬಂದು ಆರು ವರ್ಷವಾಗುತ್ತ ಬಂದಿತ್ತು. ಜಯದೇವ ತನ್ನ ತಂದೆ ಬಸವಲಿಂಗಪ್ಪ ತೀರಿಕೊಂಡ ಮೇಲೆ ತಾಯಿ ಜಯಮ್ಮನನ್ನೂ 2007ರ ನವೆಂಬರಿನಲ್ಲಿ ಕರೆಸಿಕೊಂಡ. ಮನೆಯ ಮಾತೆಲ್ಲ ಇಂಗ್ಲಿಷಿನಲ್ಲಿ. ಜಯಮ್ಮನಿಗೆ ಅದು ಬಾರದು. ಲೋಲಾಗೆ ಅಷ್ಟಿಷ್ಟು ಬರುತ್ತಿತ್ತು. ‘ಗುಡ್’, ‘ಈಟ್’, ‘ಪೇನ್’ ಎಂಬ ನಾಲ್ಕೈದು ಮಾತಿನಲ್ಲಿ, ಮಿಕ್ಕದ್ದು ಕೈಸನ್ನೆಯಲ್ಲಿ, ಇಬ್ಬರೂ ಒಂದೇ ಕಟ್ಟೆಯ ಮೇಲೆ ತರಕಾರಿ ಹೆಚ್ಚುತ್ತಿದ್ದರು.

ಜನವರಿಯ ಒಂದು ಭಾನುವಾರ ಮಾರಿಟೆಸ್‌ಳ ಅಣ್ಣ ರೊಹೆಲ್ಯೊ ಸ್ಯಾನ್ ಡಿಯೇಗೊ ಪಕ್ಕದ ನ್ಯಾಷನಲ್ ಸಿಟಿಯಿಂದ ಬಂದಿದ್ದ. ಅಮೆರಿಕದ ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಇದ್ದು ನಿವೃತ್ತನಾದವನು. ಊಟದ ಹೊತ್ತಿಗೆ ಸಂಹಿತಾ ಒಂದು ಹಾಳೆ ತಂದು ಮಧ್ಯಕ್ಕೆ ಗೆರೆ ಎಳೆದಳು. ಶಾಲೆಯ ಫಿಲಿಪಿನೊ ಭಾಷೆಯ ತರಗತಿಯಲ್ಲಿ ಪ್ರಬಂಧ ಕೊಟ್ಟಿದ್ದರು: ನಮ್ಮ ಜನರ ಗುಣಗಳೇನು, ದೋಷಗಳೇನು. ಮನೆಯ ಹಿರಿಯರನ್ನು ಕೇಳಿ ಬರೆಯಬೇಕಿತ್ತು.

ಮೊದಲು ಬಾಯಿಹಾಕಿದವನು ಜಯದೇವ. ಪ್ರಪಂಚದ ಹಡಗುಗಳೆಲ್ಲ ಓಡುವುದೇ ಫಿಲಿಪಿನೊಗಳಿಂದ ಎಂದ. ತನ್ನ ಎಂಜಿನ್ ಕೋಣೆಯಲ್ಲಿ ಇಲೋಇಲೋದವನೇ ಒಬ್ಬನಿದ್ದ. ಹಬೆ ಬಡಿದು ಕೈ ಬೆಂದರೂ ಬಟ್ಟೆ ಸುತ್ತಿ ಕೈಗವಸು ಹಾಕಿಕೊಂಡು ಮೂರು ದಿನ ಪಾಳಿ ಮಾಡಿದ, ಹಾಡು ಹೇಳಿಕೊಂಡೇ ಮಾಡಿದ, ಯಾರಿಗೂ ಗೊತ್ತಾಗಲಿಲ್ಲ. ಇದನ್ನು ಗುಣದ ಕಡೆ ಬರೆದುಕೋ ಎಂದ.

“ಅವನ ಕೈ ಏನಾಯಿತು?” ಎಂದಳು ಮಾರಿಟೆಸ್.

“ಎರಡು ಬೆರಳು ತೆಗೆದರು.”

“ಹಾಗಾದರೆ ದೋಷದ ಕಡೆ ಬರೆ.”

ರೊಹೆಲ್ಯೊ ನಕ್ಕ. ತಾನು ನೌಕಾಪಡೆಯಲ್ಲಿ ಮಾಡಿದ್ದು ಅಧಿಕಾರಿಗಳಿಗೆ ಕಾಫಿ ಕೊಟ್ಟು ಹಾಸಿಗೆ ಹಾಸುವ ಕೆಲಸ. ಊರಿಗೆ ಕಳಿಸಿದ್ದು ಬಿಳಿ ಯೂನಿಫಾರ್ಮಿನ ಫೋಟೊ. ಅಪ್ಪ ಸಾಯುವ ತನಕ ಮಗ ಫಿರಂಗಿ ಹಾರಿಸುತ್ತಾನೆಂದೇ ನಂಬಿದ್ದ. “ನಮಗೆ ನಾಚಿಕೆ ಜಾಸ್ತಿ. ಅದನ್ನು ಬರೆದುಕೋ,” ಎಂದ.

“ಆ ಕಾಫಿಯಿಂದಲೇ ಅಪ್ಪನ ಮನೆಗೆ ಛಾವಣಿ ಬಂತು. ನಾನು ಓದಿದೆ,” ಎಂದಳು ಮಾರಿಟೆಸ್.

“ಎಲ್ಲವೂ ಎರಡೂ ಕಡೆ ಬರುತ್ತಿದೆ. ನಾನು ಯಾವ ಕಡೆ ಬರೆಯಲಿ?” ಎಂದು ಸಂಹಿತಾ ಲೋಲಾಳನ್ನು ಕೇಳಿದಳು.

ಲೋಲಾ ಮೊಮ್ಮಗಳ ತಟ್ಟೆಗೆ ಇನ್ನೊಂದಿಷ್ಟು ಶಾವಿಗೆ ಹಾಕಿದಳು.

ಅದೇ ವಾರ, ಮಂಗಳವಾರ ಬೆಳಿಗ್ಗೆ, ಮಕ್ಕಳೆಲ್ಲ ಕೆಲಸಕ್ಕೂ ಶಾಲೆಗೂ ಹೋದ ಮೇಲೆ ಜಯಮ್ಮ ಬಟ್ಟೆ ಒಣಹಾಕಲು ಗ್ಯಾರೇಜಿನ ಹಿಂದಕ್ಕೆ ಹೋದಳು. ಅಲ್ಲಿ ತಂತಿಯ ಮೇಲೆ ಹಳೆಯ ಟವೆಲ್ಲಿನ ಚೂರುಗಳು ಸಾಲಾಗಿ ಒಣಗುತ್ತಿದ್ದವು. ಎಷ್ಟು ಉಜ್ಜಿದರೂ ಹೋಗದ ಹಳದಿ ಕಲೆ, ಕಂದು ಕಲೆ. ಎಪ್ಪತ್ತು ದಾಟಿದ ಹೆಂಗಸಿಗೆ ಇಂಥ ಬಟ್ಟೆ ಯಾಕೆ ಬೇಕು ಎಂದು ಯೋಚಿಸುತ್ತ ಒಳಗೆ ಬಂದಳು. ಬಚ್ಚಲಿನ ಬಾಗಿಲು ತೆರೆದಿತ್ತು. ಲೋಲಾ ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನಿಂತಿದ್ದಳು. ಬಲಗಡೆಯ ಮೊಲೆ ಕಲ್ಲಿನಂತೆ ಗಂಟುಕಟ್ಟಿ, ಒಂದು ಕಡೆ ಒಡೆದು ಕೀವಾಗಿತ್ತು. ಮೈಗೆ ಪೂಸಿಕೊಂಡಿದ್ದ ಬೇಬಿ ಕಲೋನ್ ಸೆಂಟಿನ ಪರಿಮಳದ ಕೆಳಗೆ ಬೇರೆಯೇ ವಾಸನೆ.

“ಅಯ್ಯೋ ತಾಯಿ,” ಎಂದಳು ಜಯಮ್ಮ, ಮೆಲ್ಲಗೆ.

ಲೋಲಾ ಹೆದರಲಿಲ್ಲ. ಬಟ್ಟೆ ಮಡಿಸಿ ಇಟ್ಟುಕೊಂಡು, ಅಂಗಿ ಹಾಕಿಕೊಂಡು, ಬೀಗಿತ್ತಿಯ ಕೈ ಹಿಡಿದು ತನ್ನ ಕೋಣೆಗೆ ಕರೆದುಕೊಂಡು ಹೋದಳು. ಬಾಲಯೇಸುವಿನ ಮೂರ್ತಿಯ ಕೆಳಗಿಂದ ಒಂದು ಸರಕಾರಿ ಕಾಗದ ತೆಗೆದಳು, ಜತೆಗೆ ಒಂದು ಫೋಟೊ. ಫೋಟೊದಲ್ಲಿದ್ದವಳು ಕಿರಿಯ ಮಗಳು ಲೂಸ್. ಅವಳ ಕಥೆ ಜಯಮ್ಮನಿಗೆ ಗೊತ್ತಿತ್ತು. ಮೂವತ್ತಾರು ವರ್ಷ, ಇನ್ನೂ ಇಲೋಇಲೋದಲ್ಲೇ ಇದ್ದಳು. ಅಮೆರಿಕಕ್ಕೆ ಕರೆಸಿಕೊಳ್ಳಲು ಅಮ್ಮ ಹಾಕಿದ ಅರ್ಜಿ ಮದುವೆಯಾಗದ ಮಗಳಿಗೆ ಮಾತ್ರ ನಡೆಯುತ್ತದೆಂದು ಮದುವೆಯನ್ನು ಮುಂದೂಡುತ್ತಲೇ ಬಂದಿದ್ದಳು. ಕಾಯುತ್ತಿದ್ದ ಗಂಡೂ ಒಬ್ಬನಿದ್ದ. ಲೋಲಾ ಅಮೆರಿಕದ ನಾಗರಿಕಳಾದರೆ ಮಗಳು ಬೇಗ ಬರುತ್ತಾಳೆ ಎಂಬುದು ಎಲ್ಲರ ಲೆಕ್ಕ. ಹಿಂದಿನ ಬೇಸಿಗೆಯಲ್ಲೇ ಪೌರತ್ವಕ್ಕೆ ಅರ್ಜಿ ಹಾಕಿದ್ದಳು. ಲಕ್ಷಗಟ್ಟಲೆ ಜನ ಒಟ್ಟಿಗೆ ಹಾಕಿದ್ದರಿಂದ ಎಲ್ಲವೂ ತಡವಾಗಿತ್ತು. ಈಗ ಕೊನೆಗೂ ಸಂದರ್ಶನಕ್ಕೆ ಕರೆ ಬಂದಿತ್ತು.

ಲೋಲಾ ತಾರೀಕಿನ ಮೇಲೆ ಬೆರಳಿಟ್ಟಳು. ಮಾರ್ಚ್ ಹನ್ನೊಂದು. ಆಮೇಲೆ ಎದೆ ತೋರಿಸಿ, “ಸಿಕ್... ನೋ ಪಾಸ್‌ಪೋರ್ಟ್,” ಎಂದು ತಲೆಯಾಡಿಸಿದಳು. ಕಾಯಿಲೆಯವರನ್ನು ನಾಗರಿಕರಾಗಲು ಬಿಡುವುದಿಲ್ಲ ಎಂದು ಅವಳಿಗೆ ಚರ್ಚಿನಲ್ಲಿ ಯಾರೋ ಹೇಳಿದ್ದರು. ಅದು ಸುಳ್ಳು. ಆದರೆ ಯಾರನ್ನಾದರೂ ಕೇಳಬೇಕಾದರೆ ಕಾಯಿಲೆಯ ಸುದ್ದಿ ಎತ್ತಬೇಕಿತ್ತು.

ಜಯಮ್ಮನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಇಷ್ಟಲಿಂಗ. ದಿನವೂ ಸ್ನಾನವಾದ ಮೇಲೆ ಅದನ್ನು ಅಂಗೈಯಲ್ಲಿಟ್ಟು ಪೂಜಿಸುವುದನ್ನು ಲೋಲಾ ನೋಡಿದ್ದಳು. ಈಗ ಜಯಮ್ಮನ ಬಲಗೈ ತೆಗೆದು ಆ ಕರಡಿಗೆಯ ಮೇಲಿಟ್ಟು, ತನ್ನ ಕೈಯಿಂದ ಅದನ್ನು ಒತ್ತಿ ಹಿಡಿದಳು. ಬಿಡಲಿಲ್ಲ. ಕೊನೆಗೆ ಜಯಮ್ಮ ಯಾರಿಗೂ ಹೇಳುವುದಿಲ್ಲವೆಂದು ತಲೆಯಾಡಿಸಿದಳು.

ಅಂದಿನಿಂದ ಬಟ್ಟೆ ಕುದಿಸುವುದು, ಅರಿಶಿನ ಹಚ್ಚುವುದು ಜಯಮ್ಮನ ಕೆಲಸವಾಯಿತು. ಸಂಜೆ ಸಂಹಿತಾ ಲೋಲಾಳನ್ನು ಕೂರಿಸಿಕೊಂಡು ಸಂದರ್ಶನದ ನೂರು ಪ್ರಶ್ನೆ ಬಾಯಿಪಾಠ ಮಾಡಿಸುತ್ತಿದ್ದಳು. ಬಾವುಟದಲ್ಲಿ ಪಟ್ಟೆ ಎಷ್ಟು, ಸಂವಿಧಾನ ಬರೆದದ್ದು ಯಾವ ವರ್ಷ. ಲೋಲಾ ಸರಿಯಾಗಿ ಹೇಳಿದಾಗಲೆಲ್ಲ ಜಯಮ್ಮ ಚಪಾತಿ ಲಟ್ಟಿಸುತ್ತ ‘ಗುಡ್’ ಎನ್ನುತ್ತಿದ್ದಳು.

ಮಾರಿಟೆಸ್ ಆಗ ವಾರಕ್ಕೆ ಆರು ದಿನ ದುಡಿಯುತ್ತಿದ್ದಳು. ಫೆಬ್ರವರಿಯಲ್ಲಿ ತಾಯಿಯ ಉಡುಪು ಹೆಗಲಿನಿಂದ ಜಾರುವುದನ್ನು ಗಮನಿಸಿದಳು. ಕೇಳಿದರೆ ಲೋಲಾ ಡಯಟ್ ಎಂದು ನಕ್ಕಳು. ಆ ಶನಿವಾರ ಗ್ಯಾರೇಜಿನಲ್ಲಿ ತಾಯಿ ನಿಂತುಕೊಂಡು ಅನ್ನ ತಿನ್ನುವುದನ್ನು ಕಂಡು ಮಾರಿಟೆಸ್‌ಗೆ ತಡೆಯಲಾಗಲಿಲ್ಲ. ನೇರ ಬಂದು ಗಂಡನ ಮುಂದೆ ನಿಂತಳು.

“ನನ್ನ ತಾಯಿ ನನ್ನ ಮನೆಯಲ್ಲಿ ಕಳ್ಳರ ಹಾಗೆ ತಿನ್ನುತ್ತಿದ್ದಾಳೆ. ಹತ್ತು ಪೌಂಡ್ ಇಳಿದಿದ್ದಾಳೆ. ನಿಮ್ಮಮ್ಮ ಬಂದಾಗಿನಿಂದ.”

“ಅಮ್ಮ ಬೇಡ ಅಂದಿಲ್ಲವಲ್ಲ.”

“ಅನ್ನಬೇಕಾಗಿಲ್ಲ. ನಮ್ಮವರಿಗೆ ಮುಖ ನೋಡಿದರೆ ಸಾಕು.”

ಮಾತು ಬೆಳೆಯಿತು. ಜಯದೇವ ಸಸ್ಯಾಹಾರ ತಿಂದು ಯಾರೂ ಸತ್ತಿಲ್ಲ ಎಂದ. ಮಾರಿಟೆಸ್ ಮದುವೆಯಾದ ಹದಿನೇಳು ವರ್ಷದಲ್ಲಿ ತಾನು ಬಿಟ್ಟದ್ದನ್ನೆಲ್ಲ ಎಣಿಸಿದಳು. ಜಯಮ್ಮ ಸಂಹಿತಾಳನ್ನು ಪಕ್ಕಕ್ಕೆ ಕರೆದು ಜಗಳ ಯಾಕೆಂದು ಕೇಳಿದಳು. ಹುಡುಗಿ ಇಂಗ್ಲಿಷಿನಲ್ಲೇ, ಅಲ್ಲಲ್ಲಿ ಒಂದೊಂದು ಕನ್ನಡ ಪದ ಸೇರಿಸಿ, ಅಜ್ಜಿಯ ಊಟದಿಂದ ಲೋಲಾ ಸೊರಗಿದ್ದಾಳಂತೆ ಎಂದಳು.

ಲೋಲಾ ಬಾಗಿಲಲ್ಲೇ ನಿಂತಿದ್ದಳು. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿದರು. ಜಯಮ್ಮ ಗ್ಯಾರೇಜಿಗೆ ಹೋಗಿ ಕರೆಂಟ್ ಒಲೆಯನ್ನು ಎತ್ತಿ ತಂದು ಅಡುಗೆಕಟ್ಟೆಯ ಮೇಲಿಟ್ಟಳು. “ಹೌದು ಬಿಡ್ರಪ್ಪ, ನಂದೇ ತಪ್ಪು. ಇಲ್ಲೇ ಹುರೀಲಿ,” ಎಂದಳು. ಅಂದಿನಿಂದ ಮೀನು ಒಳಗೇ ಬೆಂದಿತು. ಜಯಮ್ಮ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಉಂಡಳು. ಲೋಲಾಳ ತೂಕ ಮಾತ್ರ ಇಳಿಯುತ್ತಲೇ ಹೋಯಿತು.

ಮಾರ್ಚ್ ಹನ್ನೊಂದರಂದು ಲೋಲಾ ಸಂದರ್ಶನದಲ್ಲಿ ಪಾಸಾದಳು. ಅಧಿಕಾರಿ ಆರು ಪ್ರಶ್ನೆ ಕೇಳಿದನಂತೆ, ಆರಕ್ಕೂ ಉತ್ತರ ಸರಿ. ಮನೆಗೆ ಬಂದು ಎಲ್ಲರಿಗೂ ಸಿಹಿ ಹಂಚಿದಳು. ಮರುದಿನ ಜಯಮ್ಮ ಅವಳನ್ನು ಕೋಣೆಯಲ್ಲಿ ಹಿಡಿದು, ಸಾಕು, ಮಗಳಿಗೆ ಹೇಳು ಎಂದು ಸನ್ನೆ ಮಾಡಿದಳು. ಲೋಲಾ ಇಲ್ಲವೆಂದು ಕೈಯಾಡಿಸಿದಳು. ಇನ್ನೂ ಪ್ರಮಾಣವಚನ ಆಗಬೇಕು. ಅದಕ್ಕೆ ಬೇರೆ ಕಾಗದ ಬರುತ್ತದೆ. ಮತ್ತೆ ಜಯಮ್ಮನ ಕೊರಳಿಗೆ ಕೈ ತಂದಳು. ಜಯಮ್ಮ ಹಿಂದೆ ಸರಿದಳು. ಆಗ ಲೋಲಾ ಮಂಡಿಯೂರಿ ಅವಳ ಪಾದ ಹಿಡಿದಳು. ಯಾರ ಮುಂದೆಯೂ ಅಳದವಳು ಅಂದು ಸದ್ದಿಲ್ಲದೆ ಅತ್ತಳು.

ಏಪ್ರಿಲಿನಲ್ಲಿ ಬಲತೋಳು ಊದಿತು. ಲೋಲಾ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡಳು. ಜಯಮ್ಮನಿಗೆ ಊಟ ಸೇರದಾಯಿತು. ಒಂದು ಬೆಳಿಗ್ಗೆ ಜಯದೇವ ಕಾರು ತೊಳೆಯುತ್ತಿದ್ದಾಗ ಹತ್ತಿರ ಹೋಗಿ ನಿಂತಳು.

“ಜಯದೇವಾ, ನಿಮ್ಮ ಅತ್ತೇನ್ನ ಒಂದ್ಸಲ ಡಾಕ್ಟ್ರ ಹತ್ರ ಕರಕಂಡು ಹೋಗಪ್ಪ.”

“ಯಾಕವ್ವ, ಏನಾಗೇತಿ?”

“ಏನೋ. ಸೊರಗ್ಯಾಳೆ. ವಯಸ್ಸಾಗೈತೆ.”

“ಮನೇಲಿ ನರ್ಸ್ ಇದ್ದಾಳಲ್ಲವ್ವ, ಅವಳಿಗೆ ಗೊತ್ತಾಗಲ್ವಾ?”

ಆದರೂ ಅವನು ಹೆಂಡತಿಗೆ ಹೇಳಿದ. ಮಾರಿಟೆಸ್ ತಾಯಿಯನ್ನು ಕೇಳಿದಳು. ಲೋಲಾ ಎದ್ದುನಿಂತು ಸೊಂಟ ಕುಣಿಸಿ ಎರಡು ಹೆಜ್ಜೆ ಹಾಕಿ ತೋರಿಸಿದಳು. ಸಂಹಿತಾ ಬಿದ್ದುಬಿದ್ದು ನಕ್ಕಳು. ಪ್ರಮಾಣವಚನ ಮುಗಿಯಲಿ, ತಲೆಯಿಂದ ಕಾಲಿನವರೆಗೆ ತೋರಿಸೋಣ ಎಂದಳು ಮಾರಿಟೆಸ್. ಹಾಗೆಂದು ಮಾತು ಮುಗಿಯಿತು. ಜಯಮ್ಮ ತಾನು ಹೇಳಬೇಕಾದ್ದನ್ನು ಹೇಳಿದೆ ಎಂದುಕೊಂಡಳು. ಹೇಳಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು.

ಜೂನಿನ ಒಂದು ಗುರುವಾರ, ಲಾಸ್ ಏಂಜಲೀಸಿನ ದೊಡ್ಡ ಸಭಾಂಗಣವೊಂದರಲ್ಲಿ ಮೂರು ಸಾವಿರ ಜನ ಒಟ್ಟಿಗೆ ಪ್ರಮಾಣ ಮಾಡುವವರಿದ್ದರು. ಲೋಲಾ ಅನಾನಸಿನ ನಾರಿನಿಂದ ನೇಯ್ದ ಕೆನೆಬಣ್ಣದ ಮೇಲಂಗಿ ಹಾಕಿಕೊಂಡಿದ್ದಳು, ಅದರ ತೋಳು ಅಗಲವಾಗಿತ್ತು. ಮನೆಯವರೆಲ್ಲ ಹಿಂದಿನ ಮೆಟ್ಟಿಲುಸಾಲಿನಲ್ಲಿ ಕೂತರು. ರೊಹೆಲ್ಯೊ ಕೂಡ ಹಳೆಯ ಬಿಳಿ ಯೂನಿಫಾರ್ಮ್ ಹಾಕಿಕೊಂಡು ಬಂದಿದ್ದ. ಮಾರಿಟೆಸ್ ಹೊಸ ಕ್ಯಾಮೆರಾದಲ್ಲಿ ತಾಯಿಯನ್ನು ಹುಡುಕಿ ಹತ್ತಿರಕ್ಕೆ ತಂದು ಹಿಡಿದಳು.

ನ್ಯಾಯಾಧೀಶರು ಎಲ್ಲರೂ ಬಲಗೈ ಎತ್ತಿ ಎಂದರು. ಮೂರು ಸಾವಿರ ಕೈ ಮೇಲೆದ್ದವು. ಲೋಲಾ ಎಡಗೈ ಎತ್ತಿದಳು. ಸಾಲಿನ ಕೊನೆಯಲ್ಲಿದ್ದ ಸ್ವಯಂಸೇವಕಿ ಬಂದು, ಅದಲ್ಲ, ಇನ್ನೊಂದು ಎಂದು ನಗುತ್ತ ತೋರಿಸಿದಳು. ಲೋಲಾಳೂ ನಕ್ಕಳು. ಎಡಗೈಯಿಂದ ಬಲಮೊಣಕೈಯನ್ನು ಕೆಳಗಿನಿಂದ ಹಿಡಿದು, ಸಾಮಾನು ಎತ್ತುವ ಹಾಗೆ ಮೇಲಕ್ಕೆತ್ತಿದಳು. ಅಂಗಿಯ ತೋಳು ಭುಜದವರೆಗೆ ಜಾರಿತು. ಹುಟ್ಟಿದ ದೇಶದ ನಿಷ್ಠೆಯನ್ನು ತ್ಯಜಿಸುತ್ತೇನೆ ಎಂಬ ಮಾತನ್ನು ಎಲ್ಲರ ಜತೆ ಹೇಳುತ್ತಿದ್ದಾಗ ಅವಳ ತುಟಿ ಬಿಳಿಚಿಕೊಂಡಿತ್ತು.

ಕ್ಯಾಮೆರಾದ ಸಣ್ಣ ಪರದೆಯಲ್ಲಿ ಮಾರಿಟೆಸ್ ಆ ತೋಳನ್ನು ನೋಡಿದಳು. ಮೊಣಕೈಯಿಂದ ಕಂಕುಳಿನವರೆಗೆ ಒಂದೇ ದಪ್ಪಕ್ಕೆ ಊದಿ ಹೊಳೆಯುತ್ತಿತ್ತು. ಇಂಥ ತೋಳುಗಳನ್ನು ಅವಳು ಆಸ್ಪತ್ರೆಯಲ್ಲಿ ಕಂಡಿದ್ದಳು. ಅದರ ಅರ್ಥ ಗೊತ್ತಿತ್ತು. ಕ್ಯಾಮೆರಾವನ್ನು ಮಗಳ ಮಡಿಲಿಗೆ ಹಾಕಿ ಎದ್ದುಹೋದಳು.

ಕಾರ್ ಪಾರ್ಕಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಬಾಗಿಲು ಹಾಕಿಕೊಂಡು ತಾಯಿಯ ಅಂಗಿಯ ಗುಂಡಿ ಬಿಚ್ಚಿದಳು. ಲೋಲಾಳ ಕೈಯಲ್ಲಿ ಸರ್ಟಿಫಿಕೇಟಿನ ಲಕೋಟೆ ಇತ್ತು, ಸಣ್ಣ ಕಾಗದದ ಬಾವುಟ ಇತ್ತು.

ವಾರದೊಳಗೆ ಎಲ್ಲ ಪರೀಕ್ಷೆಗಳೂ ಮುಗಿದವು. ಕ್ಯಾನ್ಸರ್ ಎಲುಬಿಗೆ ಹೋಗಿತ್ತು, ಯಕೃತ್ತಿಗೂ ಹೋಗಿತ್ತು. ನೋವಿಲ್ಲದ ಹಾಗೆ ನೋಡಿಕೊಳ್ಳಬಹುದು, ಅಷ್ಟೇ ಎಂದರು. ಎರಡು ವರ್ಷದ ಹಿಂದೆ ಗಂಟು ಚಿಕ್ಕದಾಗಿದ್ದಾಗ ಬಂದಿದ್ದರೆ ಎಂದು ಡಾಕ್ಟರು ಶುರುಮಾಡಿ ನಿಲ್ಲಿಸಿದರು.

ಆ ಸಂಜೆ ಮನೆಯಲ್ಲಿ ಎಲ್ಲರೂ ಇದ್ದರು. ಲೋಲಾ ಒಳಗೆ ಮಲಗಿದ್ದಳು. ಮಾರಿಟೆಸ್ ಮೊದಲು ತನ್ನನ್ನೇ ಬೈದುಕೊಂಡಳು. “ದಿನಕ್ಕೆ ನಲವತ್ತು ಜನ ಅಪರಿಚಿತರನ್ನು ಎಲ್ಲಿ ನೋವು ಅಂತ ಕೇಳುತ್ತೇನೆ,” ಎಂದಳು. ರೊಹೆಲ್ಯೊ ತಲೆ ತಗ್ಗಿಸಿಕೊಂಡೇ, ಅಮ್ಮ ತನ್ನಿಂದ ನೋವಿನ ಮಾತ್ರೆ ತರಿಸಿಕೊಳ್ಳುತ್ತಿದ್ದಳು ಎಂದ. ನೌಕಾಪಡೆಯ ಕ್ಲಿನಿಕ್ಕಿನಲ್ಲಿ ತನ್ನ ಬೆನ್ನಿಗೆಂದು ಕೊಟ್ಟದ್ದು. ಐದು ತಿಂಗಳಿಂದ.

“ಯಾಕೆ ಅಂತ ಕೇಳಲಿಲ್ಲವಾ?”

“ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.”

ಆಗ ಮಾರಿಟೆಸ್‌ಗೆ ಗ್ಯಾರೇಜಿನ ಹಿಂದಿನ ತಂತಿಯ ಮೇಲೆ ಎಂದೋ ಕಂಡಿದ್ದ ಬಟ್ಟೆಯ ಚೂರುಗಳು ನೆನಪಿಗೆ ಬಂದವು. ಮನೆಯ ಬಟ್ಟೆ ಒಗೆಯುತ್ತಿದ್ದವಳು ಯಾರು? ಅತ್ತೆಯ ಕಡೆ ತಿರುಗಿ, ಮಗಳಿಗೆ ಹೇಳಿದಳು: “ನಿನ್ನ ಅಜ್ಜಿಗೆ ಗೊತ್ತಿತ್ತಾ ಕೇಳು.”

ಸಂಹಿತಾ ಹರುಕುಮುರುಕು ಕನ್ನಡದಲ್ಲಿ ಕೇಳಿದಳು. ಅವಳು ಅಜ್ಜಿಯೊಡನೆ ಪೂರ್ತಿ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

“ಹೂಂ,” ಎಂದಳು ಜಯಮ್ಮ. “ಸಂಕ್ರಾಂತಿ ಆದ ವಾರದಾಗ ಕಂಡೆ.”

“ಜನವರಿ,” ಎಂದಳು ಸಂಹಿತಾ.

ಜಯದೇವ ಕುರ್ಚಿಯಿಂದ ಎದ್ದ. “ಅವ್ವಾ, ಏನಂತ ಸುಮ್ನಿದ್ದೆ?”

“ಲಿಂಗದ ಮ್ಯಾಲೆ ಕೈ ಇಡಿಸಿಕೊಂಡ್ಳಪ್ಪ. ಮಗಳು ಬರ್ಬೇಕು ಅಂದ್ಳು. ನಾನೂ ಹೆತ್ತಾಕೆ.”

ಮಾರಿಟೆಸ್ ಕೂಗಾಡಲಿಲ್ಲ. ಮಗಳ ಕಡೆಯೇ ನೋಡುತ್ತ, ಒಂದೊಂದೇ ಮಾತು ಬಿಡಿಸಿ, “ಹೇಳು ಅವಳಿಗೆ. ಜನವರಿಯಲ್ಲಿ ನನಗೆ ಗೊತ್ತಾಗಿದ್ದರೆ ನನ್ನ ತಾಯಿ ಇನ್ನೂ ಎರಡು ವರ್ಷ ಇರುತ್ತಿದ್ದಳು,” ಎಂದಳು.

ಸಂಹಿತಾ ಅದನ್ನು ಅಜ್ಜಿಗೆ ಹೇಳಲಿಲ್ಲ. ಅಪ್ಪನನ್ನು ನೋಡಿದಳು. ಅವನೂ ಹೇಳಲಿಲ್ಲ.

“ಬಿಡು ಮಗಾ,” ಎಂದಳು ಜಯಮ್ಮ. “ನಂಗೆ ತಿಳೀತು.”

ಲೂಸ್‌ಳ ಅರ್ಜಿಯ ವಿಚಾರ ಕೇಳಲು ಜುಲೈಯಲ್ಲಿ ಜಯದೇವ ಮತ್ತು ಮಾರಿಟೆಸ್ ಒಬ್ಬ ವಕೀಲರ ಬಳಿ ಹೋದರು. ವಕೀಲರು ಕಾಗದಗಳನ್ನೆಲ್ಲ ಸಾವಧಾನವಾಗಿ ನೋಡಿದರು. ಫಿಲಿಪೀನ್ಸಿನವರ ಮಟ್ಟಿಗೆ ನಾಗರಿಕರ ಮಕ್ಕಳ ಸರದಿಯೇ ಉದ್ದ, ಗ್ರೀನ್ ಕಾರ್ಡಿನವರ ಮಕ್ಕಳದ್ದು ಗಿಡ್ಡ. ನಿಮ್ಮ ತಾಯಿ ನಾಗರಿಕಳಾಗದೆ ಸುಮ್ಮನಿದ್ದರೇ ಮಗಳು ಬೇಗ ಬರುತ್ತಿದ್ದಳೇನೋ ಎಂದರು. ಹಳೆಯ ಸರದಿಯಲ್ಲೇ ಉಳಿಯುತ್ತೇನೆಂದು ಬರೆದುಕೊಡಬಹುದು. ಆದರೆ ಅದರಿಂದಲೂ ಈಗ ಉಪಯೋಗ ಕಡಿಮೆ. ಅರ್ಜಿ ಹಾಕಿದವರು ತೀರಿಕೊಂಡರೆ ಅರ್ಜಿಯೂ ಅಲ್ಲಿಗೆ ಮುಗಿಯಿತು.

ವಕೀಲರು ಹೇಳಿದ್ದನ್ನು ಲೋಲಾಗೆ ಹೇಳುವುದು ಬೇಡವೆಂದು ಗಂಡಹೆಂಡತಿ ದಾರಿಯಲ್ಲೇ ಒಪ್ಪಿಕೊಂಡರು. ಮನೆಗೆ ಬಂದು ಮಾರಿಟೆಸ್ ತಾಯಿಯ ಹಾಸಿಗೆಯ ಅಂಚಿನಲ್ಲಿ ಕೂತು, ಎಲ್ಲ ಸರಿಹೋಗಿದೆ, ಲೂಸ್ ಕ್ರಿಸ್‌ಮಸ್‌ ಹೊತ್ತಿಗೆ ಬರುತ್ತಾಳೆ ಎಂದಳು. ಲೋಲಾ ಮಗಳ ಮುಖವನ್ನು ಬಹಳ ಹೊತ್ತು ನೋಡಿ, ಸಂತೋಷ ಎಂದಳು.

ಆಗಸ್ಟಿನಲ್ಲಿ ಮಾರಿಟೆಸ್ ತಾಯಿಯನ್ನು ನ್ಯಾಷನಲ್ ಸಿಟಿಯ ಅಣ್ಣನ ಮನೆಗೆ ಸಾಗಿಸಿದಳು. ಅಲ್ಲಿ ಚರ್ಚು ಹತ್ತಿರ, ಊರಿನವರು ಸುತ್ತಮುತ್ತ ಇದ್ದಾರೆ ಎಂದಳು. ತಾನೂ ರಜೆ ಹಾಕಿ ಅಲ್ಲೇ ಉಳಿದಳು. ಸ್ಯಾನ್ ಪೀಡ್ರೊದಿಂದ ಎರಡು ಗಂಟೆಯ ದಾರಿ. ಜಯಮ್ಮನಿಗೆ ಡ್ರೈವಿಂಗ್ ಬಾರದು. ಹೊರಡುವ ದಿನ ಲೋಲಾಳನ್ನು ಕಾರಿನಲ್ಲಿ ಕೂರಿಸುವಾಗ ಜಯಮ್ಮ ಕುದಿಸಿ ಮಡಿಸಿದ ಬಟ್ಟೆಗಳ ಗಂಟು ಹಿಡಿದುಕೊಂಡು ಬಂದಳು. ಮಾರಿಟೆಸ್ ಅದನ್ನು ತೆಗೆದುಕೊಂಡು ಥ್ಯಾಂಕ್ ಯೂ ಎಂದಳು.

ಸೆಪ್ಟೆಂಬರ್ ಎರಡನೆಯ ವಾರ ರೊಹೆಲ್ಯೊ ಜಯದೇವನಿಗೆ ಫೋನ್ ಮಾಡಿದ. ಅಮ್ಮ ಮಾತು ನಿಲ್ಲಿಸಿದ್ದಾಳೆ. ಕೊರಳ ಮೇಲೆ ಕೈಯಿಟ್ಟುಕೊಂಡು ಸನ್ನೆಯಲ್ಲಿ ಏನೋ ಕೇಳುತ್ತಾಳೆ. ನಿಮ್ಮ ತಾಯಿಯನ್ನು ಕೇಳುತ್ತಿರಬಹುದು. ಭಾನುವಾರ ಬನ್ನಿ ಎಂದ. ಜಯದೇವ ತಾಯಿಯನ್ನು ಕರೆದುಕೊಂಡು ಹೊರಟ.

ಬಾಗಿಲು ತೆರೆದವಳು ಮಾರಿಟೆಸ್. ಅತ್ತೆಯನ್ನು ಕಂಡು ನಕ್ಕಳು. ಕೈ ಹಿಡಿದು ಒಳಗೆ ಕರೆದುಕೊಂಡಳು, ಚಪ್ಪಲಿ ತೆಗೆದಿಟ್ಟಳು, ಮೆತ್ತನೆಯ ಕುರ್ಚಿ ಕೊಟ್ಟಳು. ರೊಹೆಲ್ಯೊ ಜಯದೇವನನ್ನು ಹಿತ್ತಿಲಿಗೆ ಕರೆದೊಯ್ದು, ಸಮಾಧಿಗೆ ನೋಡಿದ ಜಾಗದ ವಿಚಾರ ಹೇಳತೊಡಗಿದ. ಅಡುಗೆಮನೆಯ ಮೇಜಿನ ಬಳಿ ಉಳಿದವರು ಅತ್ತೆಸೊಸೆ ಇಬ್ಬರೇ.

“ಸೀ?” ಎಂದಳು ಜಯಮ್ಮ, ಒಳಕೋಣೆಯ ಕಡೆ ತೋರಿಸಿ.

“ಯೆಸ್, ಯೆಸ್. ಫಸ್ಟ್ ಈಟ್,” ಎಂದಳು ಮಾರಿಟೆಸ್.

ಅವಳು ಬೆಳಿಗ್ಗೆಯೇ ಅಡುಗೆ ಮಾಡಿಟ್ಟಿದ್ದಳು. ಹೊಸ ಪಾತ್ರೆಯಲ್ಲಿ ತೊಗರಿಬೇಳೆಯ ಸಾರು, ಬೀನ್ಸ್ ಪಲ್ಯ, ಅನ್ನ, ಮೊಸರು. ಜಯಮ್ಮ ಬೇಗಬೇಗ ಉಂಡು ಎದ್ದಳು. ಮಾರಿಟೆಸ್ ಅವಳ ಭುಜ ಹಿಡಿದು ಕೂರಿಸಿ, ಇನ್ನಷ್ಟು ಅನ್ನ ಹಾಕಿದಳು. ಹಣ್ಣು ಹೆಚ್ಚಿಕೊಟ್ಟಳು. ಚಹಾ ಮಾಡಿದಳು. ಮತ್ತೆ ಕೋಣೆಯ ಕಡೆ ಜಯಮ್ಮ ನೋಡಿದಾಗ ಕೆನ್ನೆಯ ಕೆಳಗೆ ಅಂಗೈಯಿಟ್ಟು, “ಸ್ಲೀಪಿಂಗ್,” ಎಂದಳು.

ಅಷ್ಟರಲ್ಲಿ ಕೋಣೆಯೊಳಗಿಂದ ಕೆಮ್ಮು ಕೇಳಿತು. ಬಾಗಿಲು ಓರೆಯಾಗಿತ್ತು. ಮಂಚದ ಸರಳಿಗೆ ಯಾರೋ ಉಗುರಿನಿಂದ ತಟ್ಟುತ್ತಿದ್ದ ಸದ್ದೂ ಬಂತು, ಎರಡು ಸಲ, ನಿಂತು ಮತ್ತೊಂದು ಸಲ. ಇಬ್ಬರಿಗೂ ಕೇಳಿತು. ಮಾರಿಟೆಸ್‌ಳ ಮುಖದ ನಗು ಹಾಗೆಯೇ ಇತ್ತು. ಚಹಾದ ಬಟ್ಟಲಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ, ಕಲಕಿ, ಅತ್ತೆಯ ಮುಂದೆ ಸರಿಸಿದಳು.

ಜಯಮ್ಮ ಬಾಗಿಲನ್ನು ನೋಡಿದಳು, ಸೊಸೆಯನ್ನು ನೋಡಿದಳು. ಬಟ್ಟಲನ್ನು ಎತ್ತಿಕೊಂಡು ಚಹಾ ಕುಡಿದಳು. ಪೂರ್ತಿ ಕುಡಿದಳು.

ಮೂರು ಗಂಟೆಯ ಮೇಲೆ ಜಯದೇವ ಹಿತ್ತಿಲಿನಿಂದ ಬಂದ. ಲೋಲಾಳನ್ನು ಕೋಣೆಯ ಬಾಗಿಲಿನಿಂದಲೇ ನೋಡಿ, ದಾರಿಯಲ್ಲಿ ಟ್ರಾಫಿಕ್ ಆಗುತ್ತದೆಂದು ಅವಸರ ಮಾಡಿದ. ಮಾರಿಟೆಸ್ ಊಟ ಕಟ್ಟಿಕೊಟ್ಟಳು, ಕಾರಿನ ತನಕ ಬಂದಳು, ತಿರುವಿನವರೆಗೂ ಕೈ ಬೀಸಿದಳು.

ಹೈವೇ ಸೇರಿ, ಎಡಗಡೆ ಸಮುದ್ರ ಕಾಣತೊಡಗಿದ ಮೇಲೆ ಜಯದೇವ ಕೇಳಿದ.

“ಮಾತಾಡ್ಸಿದ್ಯಾ ಅವ್ವ?”

“ನಿದ್ದಿ ಮಾಡ್ತಿದ್ಳು,” ಎಂದಳು ಜಯಮ್ಮ. “ಎಬ್ಬಿಸ್ಬ್ಯಾಡ ಅಂತ ನಾನೇ ಅಂದೆ.”

ಲೋಲಾ ಬುಧವಾರ ಬೆಳಿಗ್ಗೆ ತೀರಿಕೊಂಡಳು. ಮಣ್ಣಿಗೆ ಬರಲು ಲೂಸ್‌ಗೆ ವೀಸಾ ಸಿಗಲಿಲ್ಲ.